ಪೊರೆ ಮಲಗಿದ ನೀರು

ಬಿಳಿಕಲ್ಲಹಟ್ಟಿಯ ನೀರಿನ ಮೀಟರು ಪಾಲಮ್ಮನ ದನಿಯಲ್ಲೇ ಮಾತಾಡುತ್ತಿತ್ತು. ಇದರಲ್ಲಿ ಮಾಟಮಂತ್ರ ಏನೂ ಇರಲಿಲ್ಲ. ನೀರು ಮಂಡಳಿಯವರು ಊರೂರಿಗೆ ಮೀಟರು ಹಂಚಿದ ವರ್ಷ, ಅದನ್ನು ನೋಡಿಕೊಳ್ಳುವ ಹೆಂಗಸಿನ ಬಾಯಲ್ಲೇ ಎರಡು ಮಾತು ಹೇಳಿಸಿ ಪೆಟ್ಟಿಗೆಯೊಳಗೆ ತುಂಬಿಸಿದ್ದರು. ಎಲ್ಲಿಯದೋ ನಯವಾದ ದನಿ ಹೇಳಿದರೆ ಹಳ್ಳಿಯವರು ನಂಬುವುದಿಲ್ಲ, ದಿನಾ ನೋಡುವ ಮುಖದ ದನಿ ಹೇಳಿದರೆ ನಂಬುತ್ತಾರೆ ಅನ್ನುವುದು ಅವರ ಎಣಿಕೆ. ಎಣಿಕೆಯೇನೋ ಸರಿಯಾಗೇ ಇತ್ತು, ಅದೇ ಬಂದ ಸಂಕಟ. ನೀರು ಚೆನ್ನಾಗಿದ್ದರೆ ಪೆಟ್ಟಿಗೆ "ಕುಡೀಬೋದು" ಅನ್ನಬೇಕು. ಕೆಟ್ಟಿದ್ದರೆ "ಬ್ಯಾಡ, ಕುಡೀಬ್ಯಾಡ್ರಿ" ಅನ್ನಬೇಕು. ಆಗ ಪಾಲಮ್ಮನಿಗೆ ಮೂವತ್ತಾರು. ಎರಡನೇ ಮಾತನ್ನು ಹೇಳುವಾಗ ಸತ್ತ ಗಂಡ ನೆನಪಾಗಿ ಅವಳ ಗಂಟಲು ಒಂಚೂರು ನಡುಗಿತ್ತು. ಇನ್ನೊಂದು ಸಲ ಹೇಳಲಾ ಅಂತ ಕೇಳಿದರೆ, ಬೇಡ, ಹೀಗೇ ಚೆನ್ನಾಗಿದೆ ಅಂದಿದ್ದರು.

ಗಂಡ ಬೋರಯ್ಯ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಆ ಬಂಡೆಸೀಮೆಯ ಕೊಳವೆಬಾವಿಗಳ ನೀರು ನೋಡಲಿಕ್ಕೆ ತಿಳಿ, ಬಾಯಿಗೆ ಸಿಹಿ, ಒಳಗೆ ಫ್ಲೋರೈಡು. ಬೋರಯ್ಯನ ಬೆನ್ನು ಬಾಗಿತ್ತು, ಕತ್ತು ತಿರುಗುತ್ತಿರಲಿಲ್ಲ, ಯಾರಾದರೂ ಕರೆದರೆ ಅವನು ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದ. ಕೊನೆಗೆ ತುತ್ತು ಬಾಯಿಗಿಡಲೂ ಕೈ ಬಗ್ಗಲಿಲ್ಲ, ಪಾಲಮ್ಮನೇ ಉಣ್ಣಿಸಿದಳು. ಮೀಟರಿನ ಕೆಲಸಕ್ಕೆ ಯಾರು ಬರುತ್ತೀರಿ ಅಂತ ಮಂಡಳಿಯವರು ಕೇಳಿದಾಗ ಅವಳು ಸಂಬಳ ಎಷ್ಟು ಅಂತಲೂ ಕೇಳದೆ ಎದ್ದು ನಿಂತಿದ್ದಳು. ಮನೆಯಲ್ಲಿ ಹತ್ತು ವರ್ಷದ ಮಗಳು ಭುವನ ಇದ್ದಳಲ್ಲ, ಆ ಮಗುವಿನ ಮೂಳೆಗೆ ಇದು ಇಳಿಯಬಾರದು. ಪಾಲಮ್ಮನ ತಲೆಯಲ್ಲಿದ್ದದ್ದು ಅದೊಂದೇ.

ಮೀಟರು ಅಂದರೆ ಅಂಗೈಯಗಲದ ಒಂದು ಪೆಟ್ಟಿಗೆ, ಅದಕ್ಕೊಂದು ವೈರು, ವೈರಿನ ತುದಿಗೆ ಪೆನ್ನಿನಷ್ಟು ದಪ್ಪದ ಕಡ್ಡಿ. ಹಳೇ ಕಾಲದ ಮೀಟರುಗಳಲ್ಲಿ ಕಡ್ಡಿಯ ತುದಿಗೆ ಹರಳು ಕೂರಿಸುತ್ತಿದ್ದರಂತೆ. ಇದರಲ್ಲಿ ಇದ್ದದ್ದು ಜೀವ. ಒಳಗೆ ಬಂದ ಫ್ಲೋರೈಡನ್ನು ಹೊರಗೆ ತಳ್ಳಿ ತಳ್ಳಿ ಬದುಕುವ ಒಂದು ಸೂಕ್ಷ್ಮಾಣುವನ್ನು ಹಿಡಿದು, ಹಾಲಿನ ಕೆನೆಯಷ್ಟು ತೆಳ್ಳಗೆ ಬೆಳೆಸಿದ ಪೊರೆ. ನೀರಿನಲ್ಲಿ ಫ್ಲೋರೈಡಿನ ಅಯಾನು ಹೆಚ್ಚಾದಷ್ಟೂ ಅದು ತಳ್ಳಲು ಒದ್ದಾಡುತ್ತದೆ. ಆ ಒದ್ದಾಟದಿಂದ ಹುಟ್ಟುವ ಇಷ್ಟೇ ಇಷ್ಟು ವಿದ್ಯುತ್ತನ್ನು ಪೆಟ್ಟಿಗೆ ಅಂಕಿ ಮಾಡಿ ತೋರಿಸುತ್ತದೆ. ಅಂಕಿ ಒಂದೂವರೆ ದಾಟಿದರೆ "ಬ್ಯಾಡ". ಆಗ ಮಂಡಳಿಯ ಗಾಡಿ ಬಂದು ಊರಿನ ಶುದ್ಧೀಕರಣ ತೊಟ್ಟಿಯೊಳಗಿನ ಸೋಸುವ ಹರಳನ್ನು ಬದಲಾಯಿಸಿ ಹೋಗಬೇಕು. ಏರ್ಪಾಡು ಇಷ್ಟೇ.

ಆದರೆ ಜೀವ ಅಂದ ಮೇಲೆ ಅದಕ್ಕೆ ರೂಢಿ ಅನ್ನುವುದೊಂದು ಇರುತ್ತದಲ್ಲ! ಪೊರೆ ಯಾವ ನೀರಿನಲ್ಲಿ ನೆನೆದಿರುತ್ತದೋ ಆ ನೀರಿಗೆ ಒಗ್ಗಿಕೊಳ್ಳುತ್ತದೆ, ಅದನ್ನೇ ಅಳತೆಗೆ ಹಿಡಿಯುತ್ತದೆ. ಅದಕ್ಕೇ ವಾರಕ್ಕೊಂದು ದಿನ, ಶುಕ್ರವಾರ, ಮಂಡಳಿ ಕಳಿಸುವ ಗಾಜಿನ ಆಂಪೂಲನ್ನು ಒಡೆದು, ಹತ್ತು ಲಕ್ಷ ಪಾಲಿಗೆ ಕರಾರುವಾಕ್ಕಾಗಿ ಒಂದೇ ಪಾಲು ಫ್ಲೋರೈಡು ಬೆರೆಸಿದ ಆ ದ್ರಾವಣದಲ್ಲಿ ಅದನ್ನು ಮಲಗಿಸಬೇಕು. ಒಂದು ಅಂದರೆ ಎಷ್ಟು ಅನ್ನುವುದು ಅದಕ್ಕೆ ಮತ್ತೆ ನೆನಪಾಗುತ್ತದೆ.

ಪಾಲಮ್ಮ ಮೀಟರನ್ನು ಸಾಕಿದ ಹಾಗೆ ಯಾರೂ ಸಾಕಲಿಲ್ಲ. ಒಂದು ಮನೆಯ ನೀರು ನೋಡಿ ಇನ್ನೊಂದು ಮನೆಗೆ ಹೋಗುವ ಮೊದಲು ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ತೊಳೆಯುವಳು. ಒರೆಸುವ ಮಾತೇ ಇಲ್ಲ. ಒರೆಸಿದರೆ ಪೊರೆ ಬೆದರುತ್ತದೆ ಅಂತ ಮೆತ್ತನೆ ಕಾಗದ ತಾಗಿಸಿ ಹನಿ ಹೀರಿಸುವಳು. ಬಿಸಿಲು ಬೀಳದ ಹಾಗೆ ಸೆರಗು ಮರೆಮಾಡಿ ನಡೆಯುವಳು. ಇಷ್ಟಾದರೂ ಶುಕ್ರವಾರ ಬಂದರೆ ಅವಳಿಗೆ ಕಸಿವಿಸಿ. ಕೆಡದಿರಲಿ ಅಂತ ಬೆರೆಸಿದ ಮದ್ದಿನಿಂದ ಆ ದ್ರಾವಣ ಖಾರ. ಅದರಿಂದ ಎದ್ದ ಪೊರೆ ಎರಡು ದಿನ ಬಿಳುಚಿಕೊಂಡು ಬಿದ್ದಿರುತ್ತಿತ್ತು. ಬೇರೆ ಊರುಗಳಲ್ಲಿ ಪೊರೆಗಳು ವರ್ಷ ಒಪ್ಪತ್ತಿಗೆಲ್ಲ ಸತ್ತೇ ಹೋಗುತ್ತಿದ್ದವು.

ಮರುವರ್ಷ ಪಾಲಮ್ಮನ ತಾಯಿ ತೀರಿಕೊಂಡಳು. ತಿಥಿ ಮುಗಿಯುವ ತನಕ ಹನ್ನೊಂದು ದಿನ ತವರಲ್ಲೇ ಉಳಿಯಬೇಕಾಯಿತು. ಮೀಟರು ನೋಡಿಕೊಂಡವಳು ಹನ್ನೊಂದು ವರ್ಷದ ಭುವನ. ಶುಕ್ರವಾರದ ದ್ರಾವಣದಿಂದ ತೆಗೆದರೆ ಪೊರೆಯ ಅಂಚು ಸುಲಿಯುತ್ತಿತ್ತು. ಮಗು ಹೆದರಿ, ಅತ್ತು, ಕೊನೆಗೆ ಅಡಿಗೆಮನೆಯ ಬಿಂದಿಗೆಯಿಂದ ಒಂದು ಲೋಟ ಕುಡಿಯುವ ನೀರು ಬಗ್ಗಿಸಿ ಕಡ್ಡಿಯನ್ನು ಅದರಲ್ಲಿಟ್ಟಿತು. ಪಾಲಮ್ಮ ಬಂದು ನೋಡುತ್ತಾಳೆ, ಪೊರೆ ಎಳೆಮಗುವಿನ ಉಗುರಿನ ಬಣ್ಣಕ್ಕೆ ತಿರುಗಿ ನಳನಳಿಸುತ್ತಿದೆ! "ನಮ್ಮವ್ವ, ನನ್ ಬಂಗಾರಾ" ಅಂತ ಮಗಳ ಎರಡು ಕೆನ್ನೆಗೂ ಲಟಿಕೆ ಮುರಿದಳು. ಮುಂದಿನ ಶುಕ್ರವಾರ ಆಂಪೂಲು ಒಡೆದು ಬಚ್ಚಲಿಗೆ ಸುರಿದು, ಪೊರೆಯನ್ನು ಬಿಂದಿಗೆ ನೀರಲ್ಲೇ ಮಲಗಿಸಿದಳು. ಅದರ ಮುಂದಿನ ಶುಕ್ರವಾರವೂ ಹಾಗೆಯೇ.

ಆಮೇಲಿನದೆಲ್ಲ ಅವಳ ಹೆಮ್ಮೆಯ ಕಾಲ. ಆ ಪೊರೆ ಸಾಯಲೇ ಇಲ್ಲ. ಅಂಕಿ ಒಂದು ಅಂದರೆ ಒಂದೇ, ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ. ಮಂಡಳಿಯವರು ಅವಳಿಗೆ ಶಾಲು ಹೊದಿಸಿ, ಸುತ್ತಲ ಹದಿನಾಲ್ಕು ಊರಿನ ಹೆಂಗಸರನ್ನು ಕಲಿಯಲು ಅವಳ ಮನೆಗೇ ಕಳಿಸಿದರು. ತೊಳೆಯುವುದು, ಹೀರಿಸುವುದು, ಪೊರೆಯ ಕೆಳಗೆ ಗುಳ್ಳೆ ಕೂತರೆ ಮೆಲ್ಲಗೆ ತಟ್ಟಿ ಬಿಡಿಸುವುದು, ಎಲ್ಲ ಕಲಿಸಿ ಕಾಫಿ ಕೊಡುವಾಗ ದನಿ ತಗ್ಗಿಸಿ, "ಇನ್ನೊಂದೈತೆ, ಮಂಡಳಿ ಮೇಡಂಗೆ ಹೇಳಬ್ಯಾಡ್ರಿ ಮತ್ತೆ" ಅಂತ ಮಗಳ ಕತೆ ಹೇಳಿದಳು. ಆಂಪೂಲು ಬಳಸಿದ್ದೇವೆ ಅಂತಲೇ ಪಟ್ಟಿಯಲ್ಲಿ ಗುರುತು ಹಾಕಿ ಅಂದಳು. ಹದಿನಾಲ್ಕೂ ಜನ ಭುವನಳ ಗಲ್ಲ ಹಿಡಿದು ಮುದ್ದು ಮಾಡಿ ಹೋದರು.

ಒಂಬತ್ತು ವರ್ಷ ಪಾಲಮ್ಮನ ದನಿ ಮನೆಮನೆಯ ಅಂಗಳದಲ್ಲಿ "ಕುಡೀಬೋದು" ಅಂದಿತು. ಹೂವಿನ ಕಾಟಮ್ಮ ಗೋಡೆ ಹಿಡಿದು ಏಳುವ ಹಾಗಾದಳು. ಸಣ್ಣಓಬಯ್ಯ ಹಾಸಿಗೆ ಹಿಡಿದ. ಹಳೇ ನೀರಿನ ಬಾಧೆ ಇನ್ನೂ ಮೈಯಿಂದ ಇಳಿದಿಲ್ಲ ಅಂತ ಜನ ಮಾತಾಡಿಕೊಂಡರು, ಪಾಲಮ್ಮನೂ ಹಾಗೇ ಅಂದಳು. ಭುವನಳಿಗೆ ಇಪ್ಪತ್ತಾಯಿತು, ರೇಷ್ಮೆ ಸೀರೆ ನೇಯುವುದು ಕಲಿತಳು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಅದು. ಈಚೆಗೆ ಆ ಗುಂಡಿಯಿಂದ ಮೇಲೇಳುವಾಗ ಮಗಳು ಎರಡೂ ಕೈ ಊರಿ, ಹಲ್ಲು ಕಚ್ಚಿ, ಒಂದು ಮಗ್ಗುಲಿಗೆ ವಾಲಿ ಏಳುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಪಾಲಮ್ಮ ಬೇರೆ ಕಡೆ ನೋಡಿಬಿಡುತ್ತಿದ್ದಳು. ಜಾಸ್ತಿ ಹೊತ್ತು ಕೂತು ಜೋಮು ಹಿಡಿದಿರಬೇಕು ಅಂತ ತನಗೆ ತಾನೇ ಹೇಳಿಕೊಳ್ಳುವಳು.

ಕಣಿವೆಕೋಟೆಯಲ್ಲಿದ್ದ ಮಂಡಳಿಯ ಪ್ರಯೋಗಾಲಯದ ನಿಖತ್ ಮೇಡಂ ಒಂದು ಬೆಳಗ್ಗೆ ಹೇಳದೆ ಕೇಳದೆ ಬಂದಳು. ಹೋದ ವಾರ ಶಾಲೆಯಲ್ಲಿ ಹಲ್ಲಿನ ತಪಾಸಣೆ ನಡೆದಿತ್ತು. ಏಳೆಂಟು ವರ್ಷದ ಮಕ್ಕಳ ಹೊಸ ಹಲ್ಲುಗಳ ಮೇಲೆಲ್ಲ ಕಂದು ಗೆರೆ.

"ಆ ಮಕ್ಕಳು ಹಳೇ ನೀರು ಕುಡಿದೇ ಇಲ್ವಲ್ಲಾ ಪಾಲಮ್ಮನೋರೆ. ಹುಟ್ಟಿದ್ದೇ ಮೀಟರು ಬಂದ ಮೇಲೆ," ಅಂದಳು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಮೀಟರು, ನಾನು ತಂದಿರೋ ಹೊಸದು, ಎರಡನ್ನೂ ಒಂದೇ ಲೋಟಕ್ಕೆ ಇಟ್ಟು ನೋಡೋಣ."

ಬಿಂದಿಗೆಯ ನೀರಿಗೆ ಎರಡು ಕಡ್ಡಿ ಇಳಿಬಿಟ್ಟರು. ಪಾಲಮ್ಮನ ಪೆಟ್ಟಿಗೆ ಒಂದು ತೋರಿಸಿ "ಕುಡೀಬೋದು" ಅಂದಿತು. ಹೊಸದರಲ್ಲಿ ಅಂಕಿ ಮೂರು, ನಾಲ್ಕು ಅಂತ ಏರಿ, ಐದರ ಮೇಲೆ ನಿಂತಿತು. ಅದಕ್ಕಿನ್ನೂ ಯಾರ ದನಿಯನ್ನೂ ತುಂಬಿರಲಿಲ್ಲ, ಬರೀ ಕೆಂಪು ದೀಪ ಉರಿಯಿತು.

"ನಿಮ್ಮದು ಕೆಟ್ಟೈತೆ ಮೇಡಂ. ಗುಳ್ಳೆ ಕುಂತಿರಬೇಕು, ತಟ್ಟಿ ನೋಡ್ರಿ," ಅಂದಳು ಪಾಲಮ್ಮ.

ನಿಖತ್ ತಟ್ಟಿದಳು. ತೊಳೆದು, ಹೀರಿಸಿ, ಮತ್ತೆ ಇಟ್ಟಳು. ಐದೇ. ಆಮೇಲೆ ಚೀಲದಿಂದ ಒಂದು ಆಂಪೂಲು ತೆಗೆದು ಒಡೆದು, ಎರಡನ್ನೂ ಅದರಲ್ಲಿಟ್ಟಳು. ಹೊಸದು ಸರಿಯಾಗಿ ಒಂದು ಅಂದಿತು. ಹಳೆಯದರಲ್ಲಿ ಬರೀ ಸೊನ್ನೆ ಪಾಯಿಂಟ್ ಎರಡು. ನಿಜವಾದ ಒಂದು ಎದುರಿಗೆ ಬಂದರೆ ಆ ಪೊರೆಗೆ ಅದರ ಗುರುತೇ ಸಿಗಲಿಲ್ಲ, ಐದನ್ನೇ ಒಂದು ಅಂದುಕೊಂಡು ಬದುಕಿತ್ತು. ಒಳಗೆ ಮಗ್ಗದ ಸದ್ದು ನಡೆದೇ ಇತ್ತು.

ಪ್ರಯೋಗಾಲಯಕ್ಕೆ ಮೀಟರನ್ನು ಪಾಲಮ್ಮ ತಾನೇ ಮಡಿಲಲ್ಲಿಟ್ಟುಕೊಂಡು ಹೋದಳು. ಅಲ್ಲಿ ಒಂದು ಯಂತ್ರವಿತ್ತು. ಪೊರೆ ವಾರಕ್ಕೊಂದು ಪದರ ಬೆಳೆಯುತ್ತದಂತೆ, ಆ ವಾರ ಒಳಗೆ ಬಂದ ಫ್ಲೋರೈಡಿನ ಕಲೆ ಆ ಪದರದಲ್ಲಿ ಉಳಿದಿರುತ್ತದಂತೆ. ಬೆಳಕಿನ ಸೂಜಿಯನ್ನು ಪದರದಿಂದ ಪದರಕ್ಕೆ ಇಳಿಸಿದರೆ ಎಲ್ಲ ಹೊರಗೆ ಬರುತ್ತದೆ.

"ಅದು ಹೇಳಿದ್ದು ಒಂದು, ಅದಕ್ಕೆ ಗೊತ್ತಿದ್ದದ್ದು ಇನ್ನೊಂದು," ಅಂದಳು ನಿಖತ್. ಲೆಕ್ಕ ಹಾಕಲು ಹಳೇ ಪೆಟ್ಟಿಗೆಯನ್ನೇ ಯಂತ್ರಕ್ಕೆ ಜೋಡಿಸಿದಳು. ದನಿಯ ಗುಂಡಿ ಆರಿಸುವುದನ್ನು ಮರೆತಳು.

ಮೊದಮೊದಲು "ಕುಡೀಬೋದು, ಕುಡೀಬೋದು" ಅಂತಲೇ ಬಂತು. ನೂರು ಪದರ ದಾಟಿರಬೇಕು. ಆಮೇಲೆ ಪೆಟ್ಟಿಗೆ ಒಂದು ಗಳಿಗೆ ತಡೆಯಿತು.

"ಬ್ಯಾಡ, ಕುಡೀಬ್ಯಾಡ್ರಿ."

ಪಾಲಮ್ಮ ಕುರ್ಚಿಯಿಂದ ಎದ್ದುಬಿಟ್ಟಳು. ಹತ್ತು ವರ್ಷದಿಂದ ಯಾರ ಕಿವಿಗೂ ಬೀಳದಿದ್ದ ಮಾತು ಅದು. ಅವಳದೇ ಮೂವತ್ತಾರರ ದನಿ, ಬೋರಯ್ಯನನ್ನು ನೆನೆದು ನಡುಗಿದ ಗಂಟಲು. ಮತ್ತೆ ಬಂತು, "ಬ್ಯಾಡ, ಕುಡೀಬ್ಯಾಡ್ರಿ." ಮತ್ತೆ. ನಡುಕವೂ ಪ್ರತಿಸಲ ಅದೇ ಜಾಗದಲ್ಲಿ, ಅಷ್ಟೇ. ಸತ್ತವಳೊಬ್ಬಳು ಗೋಡೆಯಾಚೆಯಿಂದ ಕೂಗುತ್ತಿದ್ದಾಳೆ ಅನ್ನಿಸಿತು ಅವಳಿಗೆ.

ನಿಖತ್ ಗಾಬರಿಯಾಗಿ ಗುಂಡಿಗೆ ಕೈ ಹಾಕಿದಳು. "ಇರಲಿ ಬಿಡ್ರಿ ಮೇಡಂ," ಅಂದಳು ಪಾಲಮ್ಮ. "ಪೂರಾ ಹೇಳಲಿ."

ಪರದೆಯ ಮೇಲೆ ವಾರದ ತಾರೀಕು ಓಡುತ್ತಿತ್ತು. ಇದು ಭುವನ ದೊಡ್ಡವಳಾದ ವಾರ, ಓಣಿಯವರೆಲ್ಲ ಬಂದು ಆರತಿ ಎತ್ತಿ ಪಾನಕ ಕುಡಿದು ಹೋಗಿದ್ದರು. ಬ್ಯಾಡ, ಕುಡೀಬ್ಯಾಡ್ರಿ. ಇದು ಕಾಟಮ್ಮನ ಸೊಸೆ ಹೆತ್ತ ವಾರ, ಬಾಣಂತಿಗೆ ಕಾಯಿಸಿಕೊಡಲಿಕ್ಕೆ ಅಂತ ಪಾಲಮ್ಮನೇ ನೀರು ನೋಡಿ ಕೊಟ್ಟಿದ್ದಳು. ಬ್ಯಾಡ, ಕುಡೀಬ್ಯಾಡ್ರಿ. ಇದು ಮಗಳಿಗೆ ಜ್ವರ ಬಂದು, ನೀರು ಕುಡಿ ಮಗಾ, ಜಾಸ್ತಿ ಕುಡಿ, ಅಂತ ಲೋಟದ ಮೇಲೆ ಲೋಟ ಕುಡಿಸಿದ ವಾರ. ಬ್ಯಾಡ. ಬ್ಯಾಡ. ಮುನ್ನೂರ ಎಪ್ಪತ್ತು ಸಲ ಹೇಳಿ ಪೆಟ್ಟಿಗೆ ಸುಮ್ಮನಾಯಿತು. ಪಾಲಮ್ಮನ ಕಿವಿಯೊಳಗೆ ಅದು ಸುಮ್ಮನಾಗಲಿಲ್ಲ.

ನಿಖತ್ ಅವಳ ಕೈಗೆ ಚಹಾ ಕೊಟ್ಟಳು. ತಾನೂ ಎದುರು ಕೂತಳು. "ತಪ್ಪು ನಮ್ಮದೂ ಇದೆ. ಒಂಬತ್ತು ವರ್ಷ ಒಂದೇ ಅಂಕಿ ಬಂದ್ರೆ, ನೀರು ಅಂದ್ಮೇಲೆ ಮಳೆಗಾಲ ಬೇಸಿಗೆ ಏರಿಳಿತ ಬೇಡ್ವಾ ಅಂತ ನಾವು ಕೇಳಲೇ ಇಲ್ಲ. ಶಾಲು ಹೊದಿಸಿದ್ವಿ. ಪೊರೆಗೆ ವಯಸ್ಸಾಗಿತ್ತು, ಉಪಕರಣದ ದೋಷ ಅಂತ ಬರೀತೀನಿ. ನಿಮ್ಮ ಹೆಸರು ಬರೋದಿಲ್ಲ."

ಪಾಲಮ್ಮನಿಗೆ ಆಗ ನಿಜವಾಗಲೂ ಆಸೆಯಾಯಿತು. ಸುಳ್ಳೇಕೆ ಹೇಳಬೇಕು, ಹೂಂ ಅನ್ನಲು ತುಟಿ ತೆರೆದಿತ್ತು. ಹೂಂ ಅಂದರೆ ಮಗಳಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಪೊರೆಗೆ ವಯಸ್ಸಾಗಿತ್ತು ಅಂತ ಬರೆದರೆ ಉಳಿದ ಹದಿನಾಲ್ಕು ಊರುಗಳಲ್ಲಿ ಹದಿನಾಲ್ಕು ಪೆಟ್ಟಿಗೆಗಳು ಹದಿನಾಲ್ಕು ಹೆಂಗಸರ ದನಿಯಲ್ಲಿ ಕುಡೀಬೋದು, ಕುಡೀಬೋದು ಅನ್ನುತ್ತಲೇ ಇರುತ್ತವೆ.

"ವಯಸ್ಸಾಗಿ ಅಲ್ಲ ಮೇಡಂ," ಅಂದಳು. "ನಾನೇ ಕೆಡಿಸಿದೆ. ಶುಕ್ರವಾರದ ದ್ರಾವಣ ಚೆಲ್ಲಿ ಬಿಂದಿಗೆ ನೀರಲ್ಲಿ ಮಲಗಿಸ್ತಿದ್ದೆ. ಹದಿನಾಲ್ಕು ಊರಿಗೂ ಕಲಿಸೀನಿ."

ನಿಖತ್‌ ಎದ್ದು ನಿಂತಳು. "ಯಾ ಅಲ್ಲಾ," ಅಂದಳು ಮೆಲ್ಲಗೆ. ಆಮೇಲೆ ಸಾವರಿಸಿಕೊಂಡು, "ಇವತ್ತೇ ಅವರಿಗೆಲ್ಲ ಹೇಳಬೇಕು. ನೀವೇ ಹೇಳಿ. ನಮ್ಮ ಗಾಡಿ ಎಲ್ಲ ಊರಿಗೂ ತಲುಪೋಕೆ ವಾರ ಬೇಕು, ನಮ್ಮ ಮಾತು ಅವರು ಪಕ್ಕನೆ ನಂಬೋದೂ ಇಲ್ಲ. ಪೊರೆ ಚೆನ್ನಾಗಿ ಬಾಳಿದೆ, ಇವರಿಗೇನು ಗೊತ್ತು ಅಂತಾರೆ."

ಬಸ್ಸಿನಲ್ಲಿ ಬರುವಾಗ ಪಾಲಮ್ಮ ಒಂದೇ ಮಾತನ್ನು ಬಾಯಿಪಾಠ ಮಾಡಿದಳು. ನಾನೇ ಹಾಕಿದ್ದು, ನಾನೇ ಮೊದಲು ಹಾಕಿದ್ದು. ಅಷ್ಟು ಸಾಕು, ಮಗಳ ಹೆಸರು ಬರದ ಹಾಗೆ ನೋಡಿಕೊಂಡರೆ ಸಾಕು. ಮುಂದಿನ ಸೀಟಿನಲ್ಲಿ ಒಬ್ಬಳು ಮಗುವಿಗೆ ಬಾಟಲಿಯಿಂದ ನೀರು ಕುಡಿಸುತ್ತಿದ್ದಳು. ಪಾಲಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಮನೆಗೆ ಬಂದಾಗ ಬಿಸಿಲಿನ್ನೂ ಅಂಗಳದಲ್ಲಿತ್ತು. ಭುವನ ಮಗ್ಗದ ಗುಂಡಿಯಲ್ಲಿ ಕೂತು ಅಂಚು ನೇಯುತ್ತಿದ್ದಳು.

"ಏನಂದ್ರವ್ವ ಮೇಡಂ? ಹೊಸ ಮೀಟರು ಕೆಟ್ಟಿತ್ತಾ?"

"ನಮ್ಮದೇ ಕೆಟ್ಟಿತ್ತು." ಪಾಲಮ್ಮ ಹೊಸ್ತಿಲಲ್ಲೇ ಕೂತಳು. ಪೊರೆ ಮಲಗಿದ ನೀರನ್ನೇ ಒಂದು ಅಂತ ತಿಳಿಯುತ್ತದೆ, ತೊಟ್ಟಿಯ ಹರಳು ಸವೆದು ನೀರು ಕೆಡುತ್ತಾ ಹೋದರೂ ಅದು ಒಂದೇ ಅನ್ನುತ್ತಿತ್ತು, ಅಂತ ತಡವರಿಸಿ ಹೇಳಿದಳು. "ನಾನು ಬಿಂದಿಗೆ ನೀರಿಗೆ ಹಾಕಿದ್ದಕ್ಕೆ ಹಿಂಗಾಯ್ತು ಮಗಾ. ನಾನೇ ಮೊದ್ಲು ಹಾಕಿದ್ದು."

ಲಾಳಿ ನಿಂತಿತು. "ಮೊದ್ಲು ಹಾಕಿದ್ದು ನಾನಲ್ವ?"

"ಅಲ್ಲ. ನಿಂಗೇನು ನೆಪ್ಪಿರ್ತೈತೆ, ಆಗ ನೀನು ಸಣ್ಣೋಳು."

"ನೀನು ಅಜ್ಜಿ ತಿಥಿಗೆ ಹೋಗಿದ್ದೆ. ಊರಿಗೆಲ್ಲ ಹೇಳ್ಕೊಂಡು ಬಂದೋಳು ನೀನೇ ಅಲ್ವೇನವ್ವ. ನನ್ ಮಗಳು ಉಳಿಸಿದ ಮೀಟರು ಅಂತ."

ಪಾಲಮ್ಮ ಜೋರಾಗಿ, ಜಗಳಕ್ಕೆ ನಿಂತವಳ ಹಾಗೆ ಅಂದಳು, "ನೀನು ಒಂದು ಸಲ ಹಾಕ್ದೆ ಕಣೇ! ಒಂಬತ್ತು ವರ್ಷ ಹಾಕಿದ್ದು ನಾನು. ಮೇಡಂಗೆ ಸುಳ್ಳು ಹೇಳಿದ್ದು ನಾನು. ನೀನು ಮಗು, ಹೆದರ್ಕೊಂಡು ಹಾಕ್ದೆ. ನಂಗೇನಾಗಿತ್ತು ದಾಡಿ?"

ಭುವನ ತನ್ನ ಮಂಡಿಯ ಮೇಲೆ ಕೈಯಿಟ್ಟಳು. "ಹಂಗಾದ್ರೆ ಇದು ಹಳೇ ನೀರಿನ ಬಾಧೆ ಅಲ್ಲ."

"ಅಲ್ಲ ಮಗಾ."

"ಅಪ್ಪಂಗೆ ಆದಂಗೇ ಆಗ್ತೈತಾ?"

ಪಾಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳು ಬಂತು, ತಡೆಯಲಿಲ್ಲ. ಭುವನ ಅಳಲಿಲ್ಲ. "ಕೈ ಕೊಡವ್ವ, ಏಳ್ಬೇಕು" ಅಂದಳು. ಪಾಲಮ್ಮ ಅವಳ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿದಳು. ಈ ಸಲ ಬೇರೆ ಕಡೆ ನೋಡಲಿಲ್ಲ. ಮಗಳ ಮಂಡಿ ಕಟಕಟ ಅಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಮೊದಲ ಫೋನು ಪಾಲಮ್ಮನೇ ಮಾಡಿದಳು, ಮುಳ್ಳುಕಟ್ಟೆಯ ಗೌರಕ್ಕನಿಗೆ. "ಗೌರಕ್ಕ, ಆ ನೀರು..." ಅಂದಳು, "ಬ್ಯಾಡ" ಅನ್ನಲು ಹೋದಳು. ಪ್ರಯೋಗಾಲಯದಲ್ಲಿ ಕೇಳಿದ ದನಿಯೇ ಗಂಟಲಲ್ಲಿ ಎದ್ದು ಬಂದಂತಾಗಿ ಮಾತು ಕಟ್ಟಿಹೋಯಿತು. ಆಚೆಯಿಂದ ಗೌರಕ್ಕ ಹಲೋ ಹಲೋ ಅನ್ನುತ್ತಿದ್ದಳು. ಭುವನ ಫೋನನ್ನು ತಾಯಿಯ ಕೈಯಿಂದ ತೆಗೆದುಕೊಂಡಳು.

"ಗೌರಕ್ಕ, ನಾನು ಭುವನ. ನಿಮ್ಮ ಮೀಟರು ಬಿಂದಿಗೆ ನೀರಲ್ಲಿ ಇಟ್ಟಿದೀರಲ್ಲ, ತೆಗೀರಿ. ಅದು ಸುಳ್ಳು ಹೇಳ್ತೈತೆ. ಹಂಗೆ ಮೊದ್ಲು ಇಟ್ಟಿದ್ದು ನಾನು, ಗೊತ್ತಾಗದೆ ಇಟ್ಟೆ."

ಆಮೇಲೆ ಎರಡನೆಯ ಊರು, ಮೂರನೆಯ ಊರು. ಕೆಲವರು ನಂಬಲಿಲ್ಲ. ಒಬ್ಬಳು ಬೈದಳು, ಒಬ್ಬಳು ಗೊಳೋ ಅಂತ ಅತ್ತಳು. ಪ್ರತಿಯೊಬ್ಬರಿಗೂ ಭುವನ ತನ್ನ ಹೆಸರು ಹೇಳಿದಳು, ಮೊದಲು ಹಾಕಿದವಳು ನಾನು ಅಂದಳು. ಪಾಲಮ್ಮ ಎರಡು ಸಲ ಅಡ್ಡ ಬಂದಳು, ನನ್ನ ಹೆಸರು ಹೇಳೇ ಅಂದಳು. ಮಗಳು ಕೈಯೆತ್ತಿ ಸುಮ್ಮನಿರಿಸಿದಳು.

ಹದಿನಾಲ್ಕನೆಯವಳು ಸುಣ್ಣದಗುಂಡಿಯ ಬೀಬಿಜಾನ್. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ನಮ್ಮ ಮೊಮ್ಮಗಳು ಹುಟ್ಟಿದಾಗಿಂದ ಇದನ್ನೇ ಕುಡೀತಾಳಲ್ಲಮ್ಮ. ಈಗೇನು ಮಾಡ್ಲಿ?" ಅಂದಳು.

"ಎಷ್ಟು ವರ್ಷ ಅವಳಿಗೆ?"

"ಬರೋ ತಿಂಗಳಿಗೆ ಮೂರು."

ಭುವನ ಗೋಡೆಗೆ ಒರಗಿ, ಕಾಲು ಮಡಿಸಲಾಗದೆ ನೀಟಾಗಿ ಚಾಚಿಕೊಂಡು ಕೂತಿದ್ದಳು. "ಇನ್ನೂ ಮೂರೇ ಅಲ್ವ. ಈಗ್ಲೇ ಹೋಗಿ ನೀರು ಚೆಲ್ಲಿ ಬನ್ರಿ ಅಕ್ಕ, ನಾನು ಫೋನು ಇಡಲ್ಲ," ಅಂದಳು. "ಇವತ್ತಿಗೆ ನಿಲ್ಲಿಸಿದ್ರೆ ಅವಳ ಮಂಡಿ ಉಳೀತೈತೆ."